ಟೀಚರ್ ಹಾಡಿದ ಕೊನೆಯ ಹಾಡು

ಹೋದ ವಾರ ಕುಮಟೆಯ ಗ್ರಂಥಿಗೆ ಅಂಗಡಿಯಲ್ಲಿ ಯಾರೋ ಕಷಾಯಕ್ಕೆಂದು ಜೇಷ್ಠಮಧು ಕುಟ್ಟಿಸುತ್ತಿದ್ದರು. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಎದೆ ಧಸಕ್ಕೆಂದಿತು. ಟೀಚರ್ ಪಕ್ಕದಲ್ಲೇ ನಿಂತಂತೆ...

ಹೊನ್ನಾವರದಲ್ಲಿ ಅವರದು ನಮ್ಮ ಪಕ್ಕದ ಮನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಂಟಲಿಗೆ ಒಳ್ಳೆಯದೆಂದು ಬಾಯಲ್ಲಿ ಸದಾ ಜೇಷ್ಠಮಧುವಿನ ಚೂರು. ಅವರು ಹಾಡುತ್ತಿದ್ದುದು ಜಾಝ್. ಅವರ ಅಪ್ಪ ಒಂದು ಕಾಲದಲ್ಲಿ ಮುಂಬೈಯ ಹೋಟೆಲುಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರಂತೆ. ಅಲ್ಲಿಂದ ಹತ್ತಿದ ಹುಚ್ಚು. ನಾನು ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದುವವನು. ಭಟ್ಕಳದಿಂದ ಕುಮಟೆಯವರೆಗೆ ನನ್ನಂಥ ಊದುವವರನ್ನೆಲ್ಲ ಒಟ್ಟುಹಾಕಿ, ಮುಂಬೈ ಬಿಟ್ಟು ಊರಿಗೆ ಬಂದಿದ್ದ ಹಳೆಯ ಬ್ಯಾಂಡ್ ಮಾಸ್ತರರೊಬ್ಬರನ್ನು ಹಿಡಿದು, ಟೀಚರ್ ದೊಡ್ಡದೊಂದು ಬ್ಯಾಂಡನ್ನೇ ಕಟ್ಟಿದರು. ತಾವೇ ಬರೆದ ಕನ್ನಡ, ಕೊಂಕಣಿ ಹಾಡುಗಳ ಆಲ್ಬಮ್ ತರಬೇಕೆಂಬುದು ಅವರ ಆಸೆ.

ರೆಕಾರ್ಡಿಂಗಿನ ದಿನ ನಿಶ್ಚಯವಾದ ಮೇಲೆ ಅವರ ದನಿ ಕಟ್ಟತೊಡಗಿತು. ನಾನೇ ಮಂಗಳೂರಿಗೆ ಕರೆದುಕೊಂಡು ಹೋದೆ. ಗಂಟಲಲ್ಲಿ ಗಡ್ಡೆ ಬೆಳೆದಿದೆ, ಬೇಗ ಆಪರೇಷನ್ ಆಗಬೇಕು, ದನಿ ಉಳಿಯುತ್ತದೆಂದು ಹೇಳಲಾಗದು, ಅಲ್ಲಿಯವರೆಗೆ ಹಾಡುವುದು ಬೇಡ ಎಂದರು ಡಾಕ್ಟರು. ವಾಪಸು ಬರುವಾಗ ಭಟ್ಕಳ ದಾಟಿದ ಮೇಲೆ ಟೀಚರ್ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

“ರೆಕಾರ್ಡಿಂಗ್ ಮುಗಿಸ್ಕೊಂಡೇ ಆಪರೇಷನ್‌ಗೆ ಹೋಗ್ತೆ. ಬ್ಯಾಂಡಿನವ್ರ ಹತ್ರ ಎಂತದೂ ಹೇಳ್ಬೇಡ.”

ಪಾದ್ರಿಗಳನ್ನು ಕೇಳಿ ಪಡೆದ ಇಗರ್ಜಿಯ ಹಾಲ್‌ನಲ್ಲಿ ರೆಕಾರ್ಡಿಂಗ್. ಹೆದ್ದಾರಿಯ ಸದ್ದು ಒಳಬರದಂತೆ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದೆವು, ಫ್ಯಾನೂ ಬಂದ್. ಉಳಿದವರೆಲ್ಲ ಬೆವರೊರೆಸಿಕೊಳ್ಳುತ್ತ ನಗುತ್ತಿದ್ದರು. ನನ್ನ ಕಣ್ಣು ಮಾತ್ರ ಟೀಚರ್ ಮೇಲೇ ಇತ್ತು. ಟೀಚರ್ ಒಮ್ಮೆ ಕೆಮ್ಮಿದರೆ ಸಾಕು, ನನ್ನ ಬೆರಳುಗಳು ತಣ್ಣಗಾಗುತ್ತಿದ್ದವು. ಹಾಡು ಹಾಡಿಗೂ ಅವರ ದನಿ ಇನ್ನಷ್ಟು ಒರಟಾಗುತ್ತಿತ್ತು. ಅದು ಹಾಡಿಗೆ ಒಪ್ಪುತ್ತದೆಂದು ಮಾಸ್ತರರು ಖುಷಿಪಟ್ಟರು...

ಕೊನೆಯ ಹಾಡಿನ ತುದಿಯಲ್ಲಿ, ಇಡೀ ಬ್ಯಾಂಡಿನ ಮೇಲೆ ಟೀಚರ್ ಒಂದೇ ಸ್ವರವನ್ನು ಎತ್ತರದಲ್ಲಿ ಹಿಡಿದು ನಿಲ್ಲಬೇಕಿತ್ತು. ಅಲ್ಲಿಗೆ ಬರುತ್ತಲೇ ದನಿ ಬಿದ್ದುಹೋಯಿತು. ಬರೀ ಗಾಳಿ. ಎಲ್ಲರೂ ನಿಲ್ಲಿಸಿದೆವು.

“ಎಂತ ಆತು ಟೀಚರ್?” ಎಂದರು ಮಾಸ್ತರರು.

“ನೀರು ಕುಡ್ದು ಬತ್ತೆ,” ಎಂದವರು ನನ್ನ ಹತ್ತಿರ ಬಂದರು. ಲೋಟ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: “ನಂಗೆ ಹೆದ್ರಿಕೆ ಆಗ್ತದೆ ಮಾರಾಯ.”

“ಸಾಕು ಟೀಚರ್. ಮಾಸ್ತರ ಹತ್ರ ನಾ ಹೇಳ್ತೆ.”

“ಬೇಡ. ಮತ್ತೊಂದ್ಸಲ ಹಾಡ್ತೆ. ನನ್ನ ದನಿ ಒಡೆದ್ರೂ ನೀ ಊದೂದು ನಿಲ್ಸಬೇಡ.”

ಎರಡನೆಯ ಸಲ ಆ ಜಾಗ ಹತ್ತಿರವಾದಂತೆ ನಾನು ಕಣ್ಣು ಮುಚ್ಚಿಕೊಂಡೆ. ದನಿ ಎದ್ದಿತು, ನೂಲಿನಷ್ಟು ತೆಳುವಾಯಿತು, ಇನ್ನೇನು ಹರಿಯಿತು ಎಂದುಕೊಂಡೆ. ಹರಿಯಲಿಲ್ಲ. ನಮ್ಮೆಲ್ಲರ ಉಸಿರು ಮುಗಿದ ಮೇಲೂ ಒಂದು ಗಳಿಗೆ ಅದು ಉಳಿದಿತ್ತು. ಬ್ಯಾಂಡಿನವರು ಚಪ್ಪಾಳೆ ತಟ್ಟಿದರು. ಟೀಚರ್ ಗಂಟಲು ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದರು.

ಮುಂದಿನ ವಾರದ ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಲ್ಬಮ್ ಹೊರಬಂದಾಗ ಟೀಚರ್ ನಮ್ಮ ಮನೆಗೆ ಬಂದು, ಹಾಕು ಎಂದು ಕೈಸನ್ನೆ ಮಾಡಿದರು. ಹಾಡುಗಳುದ್ದಕ್ಕೂ ತುಟಿ ಆಡುತ್ತಲೇ ಇತ್ತು. ಕೊನೆಯ ಹಾಡಿನ ಆ ಜಾಗ ಬರುವಾಗ ಫಕ್ಕನೆ ನನ್ನ ಕೈ ಹಿಡಿದರು. ಉಗುರು ಊರುವಷ್ಟು ಬಿಗಿಯಾಗಿ. ದನಿ ಒಡೆಯಲಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಹೆದರಿದ್ದರು.

ಅವರು ಹೋಗಿ ಈಗ ಕೆಲವು ವರ್ಷಗಳಾದವು. ಬ್ಯಾಂಡಿನಲ್ಲಿ ನಾನಿನ್ನೂ ಊದುತ್ತೇನೆ. ಆ ಹಾಡನ್ನು ಮಾತ್ರ ಇಡಿಯಾಗಿ ಕೇಳಲು ಈವರೆಗೆ ಆಗಿಲ್ಲ. ಟೀಚರ್ ಉಸಿರೆಳೆದುಕೊಳ್ಳುವುದು ಕೇಳಿಸುತ್ತಲೇ ನನ್ನ ಕೈ ಮುಂದೆ ಹೋಗಿ ಬಂದ್ ಮಾಡಿಬಿಡುತ್ತದೆ.