ಗೌರಮ್ಮನ ತೊಟ್ಟಿಯ ಬಿಸಿನೀರು

ಹನ್ನೊಂದು ವರ್ಷ ಉಷ್ಣ ಎಂಜಿನ್ನಿನ ಪಾಠ ಮಾಡಿದ ಮೇಲೂ ನಾನು ಒಂದು ಎಂಜಿನ್ನನ್ನೂ ಮುಟ್ಟಿ ನೋಡಿರಲಿಲ್ಲ. ನಿವೃತ್ತನಾಗಿರುವುದರಿಂದ ಈಗ ಧೈರ್ಯವಾಗಿ ಒಪ್ಪಿಕೊಳ್ಳುತ್ತೇನೆ.

ಕೊಟ್ಟೂರಿನ ಕಾಲೇಜಿನಲ್ಲಿ ನನ್ನ ಎಂಜಿನ್ನು ಬೋರ್ಡಿನ ಮೇಲೆ ಸೊಗಸಾಗಿ ಓಡುತ್ತಿತ್ತು. ನಾಲ್ಕು ಬಾಗಿದ ಗೆರೆ ಎಳೆದರೆ ಒಂದು ಚಕ್ರ ಮುಗಿಯಿತು. ಹೊಗೆಯಿಲ್ಲ, ಸದ್ದಿಲ್ಲ, ಉದುರಿದರೆ ಸೀಮೆಸುಣ್ಣದ ಪುಡಿ ಅಷ್ಟೆ. ಕೊಟ್ಟ ಶಾಖವೆಲ್ಲ ಕೆಲಸವಾಗುವುದಿಲ್ಲ, ಒಂದಿಷ್ಟನ್ನು ತಣ್ಣಗಿನ ಕಡೆಗೆ ಬಿಡಲೇಬೇಕು, ಆ ಕಡೆ ತಣ್ಣಗಿದ್ದಷ್ಟೂ ದಕ್ಷತೆ ಹೆಚ್ಚು ಎಂದು ಹೇಳಿ ಕೈ ಝಾಡಿಸಿಕೊಂಡು ಮನೆಗೆ ಬರುತ್ತಿದ್ದೆ.

ತೊಂಬತ್ತರ ದಶಕದ ಒಂದು ಚಳಿಗಾಲ. ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ಗೌರಮ್ಮ ಎಂಬ ವಿಧವೆ ಒಬ್ಬರೇ ನಡೆಸುತ್ತಿದ್ದರು. ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಡೀಸೆಲ್ ಎಂಜಿನ್ನು. ಅದರ ಮೈ ಸುತ್ತಿದ ನೀರು ಬಿಸಿಯಾಗಿ ಪಕ್ಕದ ಸಿಮೆಂಟ್ ತೊಟ್ಟಿಗೆ ಬಂದು ಬೀಳುತ್ತಿತ್ತು. ಜೋಳ ಬೀಸಿಸಲು ಹೋದವನು ಸುಮ್ಮನೆ ನಿಲ್ಲಬಾರದೇ?

"ಗೌರಮ್ಮಾರೆ, ನೀವು ಹಾಕೋ ಡೀಸೆಲ್ಲಿನ ಶಾಖದಾಗ ಮುಕ್ಕಾಲು ಪಾಲು ಹಾಳಾಗಿ ಹೋಗ್ತೈತಿ" ಎಂದೆ.

"ಎಲ್ಲಿಗೆ ಹೋಗ್ತೈತ್ರಿ ಸರ?"

"ಹೊಗ್ಯಾಗ, ಮತ್ತ ಈ ನೀರಾಗ."

ಆಕೆ ತೊಟ್ಟಿಯನ್ನೊಮ್ಮೆ ನೋಡಿದರು. "ಹಂಗಾದ್ರ ಏನ್ ಮಾಡ್ಬೇಕ್ರಿ?"

ಹನ್ನೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಉಬ್ಬಿಹೋದೆ. "ನೀರು ಬಿಸಿಯಾಗಾಕ ಬಿಡಬ್ಯಾಡ್ರಿ. ಮ್ಯಾಲಿನ ಟ್ಯಾಂಕಿನಿಂದ ತಣ್ಣೀರು ಹರಸ್ತಾನ ಇರ್ರಿ" ಎಂದು ಅಪ್ಪಣೆ ಕೊಟ್ಟೆ.

ಮರುದಿನವೇ ನನ್ನ ಸ್ನಾನಕ್ಕೆ ತಣ್ಣೀರು ಬಂತು. ಹೆಂಡತಿಯನ್ನು ಕೇಳಿದೆ. "ನಮ್ಮನಿಗೆ ಬಿಸಿನೀರು ಬರೋದು ಗೌರಮ್ಮನ ತೊಟ್ಟಿಯಿಂದ. ಅದು ತಣ್ಣಗಾಗೈತಿ. ಯಾರೋ ಶಾಣ್ಯಾರು ಏನೋ ಹೇಳ್ಯಾರಂತ" ಎಂದಳು. ನಾನು 'ಹಾಳು' ಎಂದು ಕರೆದಿದ್ದರಲ್ಲಿ ಮಿಂದೇ ಇಷ್ಟು ದಿನ ಪಾಠಕ್ಕೆ ಹೋಗಿದ್ದೆ. ನಾನಾದರೂ ಹೇಗೋ ನಡುಗಿ ಮುಗಿಸಿದೆ. ಪಕ್ಕದ ಮನೆಯಲ್ಲಿ ಇಪ್ಪತ್ತು ದಿನದ ಬಾಣಂತಿಯಿದ್ದಳು. ಅವಳ ತಾಯಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದರು.

ಮೂರನೆಯ ದಿನಕ್ಕೆ ಎಂಜಿನ್ನು ಬಿಳಿ ಹೊಗೆ ಕಾರಿ ಕೆಮ್ಮತೊಡಗಿತು. ಹಿಟ್ಟು ಕೇಳಿದವರಿಗೆ ನುಚ್ಚು ಸಿಕ್ಕಿತು. ಜೋಳದ ಚೀಲ ಹಿಡಿದು ನಾನೂ ಸರದಿಯಲ್ಲಿ ನಿಂತಿದ್ದೆ. ಹಗರಿಬೊಮ್ಮನಹಳ್ಳಿಯಿಂದ ರಿಪೇರಿಗೆ ಬಂದ ಮೇಸ್ತ್ರಿ ಎಂಜಿನ್ನಿನ ಮೈ ಮುಟ್ಟಿ ನೋಡಿದ.

"ಇದಕ್ಕ ಇಷ್ಟು ತಣ್ಣೀರು ಯಾಕ ಕುಡಿಸೀರಬೇ? ಮೈ ಕಾಯ್ದಿದ್ರನ ಡೀಸೆಲ್ ಸರಿಯಾಗಿ ಉರಿಯೋದು. ದುಡಿಯೋ ಶಾಖಾನ ನೀರು ಹೀರಿದ್ರ ಅದು ಏನ್ ತಿರುಗೀತು? ಯಾರು ಹೇಳಿದ್ರು ನಿಮಗ?"

ಗೌರಮ್ಮ ನನ್ನತ್ತ ನೋಡಲಿಲ್ಲ. "ನಂದ ತಪ್ಪಪ್ಪ. ನನಗ ತಿಳೀಲಿಲ್ಲ" ಎಂದರು.

ಪದವೀಧರನಾದ ನಾನು ಸ್ವಲ್ಪ ಹೊತ್ತು ನನ್ನ ಜೋಳದ ಚೀಲದ ಹೊಲಿಗೆ ಪರೀಕ್ಷಿಸಿದೆ. ಆಮೇಲೆ ಕೆನ್ನೆ ಬಿಸಿಯಾಗಿ, "ನಾನ ಹೇಳಿದ್ದು" ಎಂದೆ.

"ಸರ್ ಏನ್ ಕೆಲಸ ಮಾಡ್ತಾರ?" ಮೇಸ್ತ್ರಿ ಗೌರಮ್ಮನನ್ನು ಕೇಳಿದ.

"ಕಾಲೇಜಿನ್ಯಾಗ ಎಂಜಿನ್ ಪಾಠ ಮಾಡ್ತಾರ."

ಆತ ನಗಲಿಲ್ಲ. ಹ್ಯಾಂಡಲ್ಲನ್ನು ಒರೆಸಿ ಬಹಳ ಮರ್ಯಾದೆಯಿಂದ ನನ್ನ ಕೈಗಿಟ್ಟ. "ಹಂಗಾರ ಚಾಲೂ ಮಾಡ್ರಿ ಸರ್." ಮೂರು ಸಲ ತಿರುಗಿಸಿದೆ, ತಿರುಗಿದ್ದು ನನ್ನ ತಲೆ. ಗೌರಮ್ಮ ಸೆರಗು ಸಿಕ್ಕಿಸಿ ಒಂದೇ ಏಟಿಗೆ ಚಾಲೂ ಮಾಡಿದರು. ಮೇಲಿನ ಟ್ಯಾಂಕಿನ ತಣ್ಣೀರಿನ ಪೈಪು ಬಂದ್ ಆಯಿತು. ಬೆಳಗಾಗುತ್ತಲೇ ತೊಟ್ಟಿಯ ಮುಂದೆ ಕೊಡಗಳ ಸಾಲು ನಿಂತಿತು, ಬಾಣಂತಿಯ ಮನೆಯ ಕೊಡಕ್ಕೆ ಮೊದಲ ಸರದಿ.

ಮುಂದಿನ ವರ್ಷ ಅದೇ ಪಾಠ ಬಂದಾಗ, ನಾಲ್ಕು ಗೆರೆ ಎಳೆಯುವ ಮೊದಲು ನನ್ನ ಈ ಎಡವಟ್ಟನ್ನು ಹೇಳಲು ನಿಂತೆ. ಮುಂದಿನ ಬೆಂಚಿನ ಹುಡುಗಿ ಎದ್ದು, "ಇದು ಪರೀಕ್ಷೆಗೆ ಬರ್ತೈತೇನ್ರಿ ಸರ್?" ಎಂದಳು.

"ಇಲ್ಲವ್ವ" ಎಂದೆ.

ಎಲ್ಲರೂ ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿಸಿಕೊಳ್ಳತೊಡಗಿದರು.