ತಡವಾಗಿ ಬಂದ ರಾಜಕುಮಾರ

ಮಗಳಿಗೆ ಐದು ತುಂಬಿದಾಗ ನನ್ನ ಹೆಂಡತಿ ಯಲಹಂಕದ ಅಂಗಡಿಯೊಂದರಲ್ಲಿ ಒಂದು ಚಿತ್ರಪುಸ್ತಕ ಕೊಂಡಳು. ಅದರಲ್ಲಿ ಒಬ್ಬ ರಾಜಕುಮಾರಿ ಕೋಟೆಯೊಳಗೆ ಸಿಕ್ಕಿಕೊಳ್ಳುತ್ತಾಳೆ. ಶಾಪವೂ ಇಲ್ಲ, ಮಾಟವೂ ಇಲ್ಲ; ಬಾಗಿಲಿನ ಬೀಗ ತುಕ್ಕು ಹಿಡಿದಿದೆ, ಅಷ್ಟೇ. ಅವಳು ಯಾರಿಗೂ ಕಾಯದೆ ಸ್ಕ್ರೂಡ್ರೈವರ್ ಹುಡುಕಿ, ಬಾಗಿಲನ್ನೇ ಬಿಚ್ಚಿ ಹೊರಗೆ ಬರುತ್ತಾಳೆ. ಆಗ ಕುದುರೆ ಏರಿ ರಾಜಕುಮಾರ ಬರುತ್ತಾನೆ. “ನಿನ್ನನ್ನು ಕಾಪಾಡಲು ಬಂದಿದ್ದೇನೆ” ಅನ್ನುತ್ತಾನೆ. “ಕೆಲಸ ಮುಗಿಯಿತು, ನೀನಿನ್ನು ಹೊರಡಬಹುದು” ಅನ್ನುತ್ತಾಳೆ ರಾಜಕುಮಾರಿ. ಅವನು ಹೊರಡುತ್ತಾನೆ.

ಇಂಥ ಪುಸ್ತಕ ನಮ್ಮ ಕಾಲದಲ್ಲಿ ಇರಲಿಲ್ಲವಲ್ಲ ಎಂದು ಎಲ್ಲರಿಗಿಂತ ಹೆಚ್ಚು ಮೆಚ್ಚಿಕೊಂಡವನು ನಾನೇ. ರಾಜಕುಮಾರನ ಪಾತ್ರ ನನಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಆಫೀಸಿನಿಂದ ಬಂದ ಮೇಲೆ ದಿನಾ ನಾನು ಬಾಲ್ಕನಿಯಿಂದ ಹಾಲ್‌ಗೆ ಕುದುರೆ ಓಡಿಸಿಕೊಂಡು ಬರಬೇಕು, ನನ್ನ ಮಾತು ಒಪ್ಪಿಸಬೇಕು, ಅವಳು ಹೊರಡು ಅಂದ ಮೇಲೆ ಮತ್ತೆ ಬಾಲ್ಕನಿಗೆ ಹೋಗಿ ನಿಲ್ಲಬೇಕು. ಒಂದೆರಡು ಸಲ ಅವಳು ಚಿಲಕ ಹಾಕಿ ನನ್ನನ್ನು ಮರೆತೇಬಿಟ್ಟಳು.

ಅಬ್ಬಿಗೆರೆಯಿಂದ ಬಂದಿದ್ದ ನಮ್ಮ ಅವ್ವನಿಗೆ ಈ ಕಥೆ ಹಿಡಿಸಲಿಲ್ಲ.

“ಅಲ್ಲ ಕಣವ್ವ, ಪಾಪ ಅಷ್ಟು ದೂರದಿಂದ ಬಂದವ್ನೆ. ಒಂದ್ ಲೋಟ ಮಜ್ಜಿಗೆನಾದ್ರೂ ಕೊಡಬಾರ್ದಾ? ಮನೆ ಬಾಗ್ಲಿಗೆ ಬಂದೋರ್ನ ಇಂಗೆ ಕಳುಸ್ತಾರಾ?”

“ಅವನು ಲೇಟಾಗಿ ಬಂದ ಅಜ್ಜಿ.”

“ಟ್ರಾಫಿಕ್ಕು ಇತ್ತೇನೋ.”

ಮಗಳು ಪುಟ ತಿರುಗಿಸಿ ಚಿತ್ರವನ್ನು ಚೆನ್ನಾಗಿ ನೋಡಿದಳು. “ಇಲ್ಲ. ಖಾಲಿ ರೋಡು.”

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳ ತರಗತಿಯವರು ಇದೇ ಕಥೆಯನ್ನು ನಾಟಕ ಮಾಡಲು ಹೊರಟರು. ತರಗತಿಯ ಹನ್ನೊಂದು ಹುಡುಗಿಯರೂ ರಾಜಕುಮಾರಿಯರಾದರು. ಹುಡುಗರು ಕುದುರೆ, ಬಾಗಿಲು, ಬೀಗ ಎಂದು ಹಂಚಿಕೊಂಡರು. ರಾಜಕುಮಾರನಾಗಲು ಒಬ್ಬನೂ ಒಪ್ಪಲಿಲ್ಲ. “ಅವನಿಗೆ ಕೆಲಸಾನೇ ಇಲ್ವಲ್ಲ ಮಿಸ್” ಎಂದರಂತೆ. ಕೊನೆಗೆ ಟೀಚರ್ ನನಗೆ ಫೋನ್ ಮಾಡಿದರು.

“ಸರ್, ನಿಮಗೆ ಆ ಡೈಲಾಗ್ ಪೂರ್ತಿ ಬರುತ್ತಂತೆ. ಮಗಳು ಹೇಳಿದ್ಳು.”

“ದಿನಾ ಪ್ರಾಕ್ಟೀಸ್ ಇದೆ ಮೇಡಂ” ಅಂದೆ.

ಯಶವಂತಪುರದ ಬಾಡಿಗೆ ಅಂಗಡಿಯಲ್ಲಿ ನನ್ನ ಅಳತೆಗೆ ಸಿಕ್ಕಿದ್ದು ಪೌರಾಣಿಕ ನಾಟಕದ ಉಡುಪು ಒಂದೇ: ಜರಿ ನಿಲುವಂಗಿ, ಭುಜಕೀರ್ತಿ, ಆಟೋದಲ್ಲಿ ನೆಟ್ಟಗೆ ಕೂರಲು ಬಿಡದಷ್ಟು ಎತ್ತರದ ಕಿರೀಟ. ಶಾಲೆಯಲ್ಲಿ ಬಟ್ಟೆ ಬದಲಿಸಲು ಸಮಯವಿರುವುದಿಲ್ಲ ಎಂದು ಅಲ್ಲೇ ಹಾಕಿಕೊಂಡು ಹೊರಟೆ. ಗೊರಗುಂಟೆಪಾಳ್ಯದಲ್ಲಿ ವಾಹನಗಳು ಅಲುಗಾಡದೆ ನಿಂತುಬಿಟ್ಟವು. ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

“ನಿಮ್ದು ಹೀರೋ ಪಾರ್ಟಾ ಸಾರ್?”

“ಅಲ್ಲ. ಬರ್ತೀನಿ, ಹೋಗು ಅಂತಾರೆ, ಹೋಗ್ತೀನಿ.”

ಅವರು ಸ್ವಲ್ಪ ಯೋಚಿಸಿದರು. “ಒಳ್ಳೇದೇ ಬಿಡಿ, ಬೇಗ ಮುಗಿಯುತ್ತೆ.”

ನಾನು ಮುಟ್ಟುವ ಹೊತ್ತಿಗೆ ನಾಟಕ ಶುರುವಾಗಿ, ಬಾಗಿಲು ಬಿಚ್ಚಿಯೂ ಆಗಿತ್ತು. ಯಾರಿಗೂ ಕಾಯದ ಹನ್ನೊಂದು ರಾಜಕುಮಾರಿಯರು ವೇದಿಕೆಯ ಮೇಲೆ ಸಾಲಾಗಿ ನಿಂತು ನನಗೇ ಕಾಯುತ್ತಿದ್ದರು. ಟೀಚರ್ ಮಕ್ಕಳಿಂದ ಅದೇ ಹಾಡನ್ನು ಮೂರನೆಯ ಸಲ ಹಾಡಿಸುತ್ತಿದ್ದರು. ಏದುಸಿರು ಬಿಡುತ್ತಾ ವೇದಿಕೆ ಹತ್ತಿದೆ. ಇಷ್ಟು ದಿನ ಒಪ್ಪಿಸಿದ ಮಾತು ನಾಲಗೆಗೆ ಬರಲೇ ಇಲ್ಲ.

“ಸಾರಿ, ಗೊರಗುಂಟೆಪಾಳ್ಯದಲ್ಲಿ ಜಾಮ್ ಇತ್ತು” ಅಂದೆ.

ಸಭೆ ನಕ್ಕಿತು. ಮಗಳು ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ನನ್ನ ಪರಿಚಯವೇ ಇಲ್ಲದವಳಂತೆ ಮುಖ ನೋಡಿ, “ಕೆಲಸ ಮುಗಿಯಿತು, ನೀನಿನ್ನು ಹೊರಡಬಹುದು” ಅಂದಳು. ಮನೆಯಲ್ಲಿ ನೂರು ಸಲ ಕೇಳಿದ ಮಾತು. ಅಷ್ಟು ಜನರೆದುರು, ಅಷ್ಟು ಸ್ಪಷ್ಟವಾಗಿ ಕೇಳಿದಾಗ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಅದು ಹೆಮ್ಮೆಯೋ ಬೇಸರವೋ ತಿಳಿಯುವ ಮೊದಲೇ ಕುದುರೆಯಾಗಿದ್ದ ಹುಡುಗ ನಿಲುವಂಗಿ ಹಿಡಿದು ನನ್ನನ್ನು ಎಳೆದುಕೊಂಡು ಹೋದ.

ನಾಟಕ ಮುಗಿದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: “ನೀವು ಬರೋ ತನಕ ಇವಳು ಗೇಟ್ ಕಡೆಯಿಂದ ಕಣ್ಣು ತೆಗೀಲಿಲ್ಲ ಕಣ್ರೀ.”

ನನಗೆ ಜೀವ ಬಂದಂತಾಯಿತು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದೆ. “ಅಪ್ಪಂಗೋಸ್ಕರ ಕಾಯ್ತಾ ಇದ್ಯಾ ಪುಟ್ಟಿ?”

“ಹೂಂ. ನೀನು ಬಂದ್ರೆ ತಾನೇ ಕಳಿಸೋಕಾಗೋದು?”

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆಚೆ ತಿರುಗಿಕೊಂಡಳು. ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು. ಬೆನ್ನ ಹಿಂದಿನ ದಾರದ ಗಂಟು ಬಿಚ್ಚಲು ಬರದೆ ಒದ್ದಾಡುತ್ತಿದ್ದಾಗ, ಮಗಳೇ ಬಂದು ಬಿಚ್ಚಿಕೊಟ್ಟಳು.