ಬೆನ್ನಿಗೆ ಬಿದ್ದ ಬಿಸಿಲು

“ಅಮ್ಮ, ನಿಮ್ಮದು ಉಡುಪಿ ಕಡೆಯಾ?”

ನಾನು ಬೆಚ್ಚಿದೆ. ಕೊಲ್ಲಿ ನಾಡಿನ ಅಲ್ ವಕ್ರಾದಲ್ಲಿ ಮಂಜು ಕವಿದ ಬೆಳಿಗ್ಗೆ ದಾರಿ ತಪ್ಪಿ, ಕಂಡ ಕಿರಾಣಿ ಅಂಗಡಿಗೆ ನುಗ್ಗಿ, “ಉತ್ತರಕ್ಕೇ ನಡೆದೆ, ಮನೆ ಸಿಗುತ್ತಿಲ್ಲ” ಎಂದು ಹರಕು ಹಿಂದಿಯಲ್ಲಿ ಹೇಳಿದ್ದೆ. ಅಂಗಡಿಯಾತ ಕನ್ನಡದಲ್ಲಿ ಕೇಳಿದ್ದ.

ಚಳಿಗಾಲ ಕಳೆಯಲು ಮಗಳ ಮನೆಗೆ ಬಂದು ಹತ್ತು ದಿನವಾಗಿತ್ತು. ಅಳಿಯ ಕಾರಿನಲ್ಲಿ ಕಡಲ ದಂಡೆಗೆ ಬಿಟ್ಟು, ಮನೆ ಅಲ್ಲಿಂದ ಉತ್ತರಕ್ಕೆ ಹತ್ತು ನಿಮಿಷ ಎಂದು ಹೇಳಿ ಆಫೀಸಿಗೆ ಹೋಗಿದ್ದರು. ನಾನು ಕಡಲಿಗೆ ಮುಖ ಮಾಡಿ ನಿಂತು, ಬಲಗೈ ಕಡೆಗೆ ಮುಕ್ಕಾಲು ಗಂಟೆ ನಡೆದಿದ್ದೆ.

“ನಮ್ಮ ಊರಿನವರು ಎಲ್ಲ ಹೀಗೇ ತಪ್ಪುವುದು. ಕಡಲು ಅಂದ್ರೆ ಪಶ್ಚಿಮ ಅಂತ ಲೆಕ್ಕ ನಮಗೆ. ಇಲ್ಲಿ ಕಡಲು ಪೂರ್ವಕ್ಕೆ ಉಂಟು ಅಮ್ಮ,” ಎಂದು ನಕ್ಕ ಆತ, ಕಾರಿನ ಕೀಲಿ ತೆಗೆದುಕೊಂಡ. “ಯಲ್ಲಾ,” ಎಂದು ಅರಬ್ಬಿಯಲ್ಲಿ ಹೊರಡಿಸಿದ, “ಬನ್ನಿ. ಮನೆಗೆ ಬಿಡ್ತೇನೆ.”

ಮಾರನೆಯ ದಿನದಿಂದ ಮಾರ್ಚ್ ಮುಗಿಯುವವರೆಗೂ ಬೆಳಿಗ್ಗೆ ಆ ದಂಡೆಯಲ್ಲಿ ಕುಳಿತು, ನೀರಿನಿಂದ ಸೂರ್ಯ ಏಳುವುದನ್ನು ನೋಡಿದೆ.

ಮಲ್ಪೆಗೆ ಮರಳಿದ ಮರುದಿನ ನಸುಕಿನಲ್ಲೇ ಎದ್ದು ಕಡಲಿಗೆ ಹೋದೆ. ಸೂರ್ಯ ಏಳಲಿ ಎಂದು ನೀರನ್ನೇ ನೋಡುತ್ತ ಕುಳಿತೆ. ಬಿಸಿಲು ಬೆನ್ನಿಗೆ ಬಿತ್ತು.